ನಡುಮನೆಯ ಉತ್ತರಗಳು

ಸತೇಕಿ ಐಸ್ ಬಿಟ್ಟು ಮನೆಗೆ ಬಂದ ಮೇಲೆ ಆ ಮನೆಯಲ್ಲಿ ನಡೆದ ಮೊದಲ ಜಗಳ ಐಸಿನ ಮೇಲೆ ಅಲ್ಲ, ಯಾರು ಎಲ್ಲಿ ಕೂರಬೇಕು ಎನ್ನುವುದರ ಮೇಲೆ.

ಐಸ್ ಎಂದರೆ ಗಾಜಿನ ಚೂರಿನ ಹಾಗೆ ಕಾಣುವ ಮಾದಕ ಹರಳು. ನಮ್ಮ ಎವುವಾ ದ್ವೀಪಕ್ಕೆ ಹಿಟ್ಟು, ಸಕ್ಕರೆ, ಪಾದ್ರಿಗಳು ಬರುವ ಹಡಗಿನಲ್ಲಿಯೇ ಅದೂ ರಾಜಧಾನಿಯಿಂದ ಬರುತ್ತದೆ. ಸತೇಕಿ ಅದರ ಹಿಂದೆ ಹೋಗಿ ಮೀನುದೋಣಿಯ ಕೆಲಸ ಕಳೆದುಕೊಂಡ, ಮುಂದಿನ ಎರಡು ಹಲ್ಲು ಕಳೆದುಕೊಂಡ. ಹಣ್ಣು ಕೀಳುವ ಕೆಲಸಕ್ಕೆಂದು ಆಕ್ಲಂಡಿಗೆ ಹೋದ ಹೆಂಡತಿ ತಿರುಗಿ ಬರಲಿಲ್ಲ. ಏಳು ವರ್ಷದ ಮಗಳು ಲೋಸಾಳನ್ನು ಅವನ ಸೋದರತ್ತೆ ತೊವಾಕಾಸೆ ಬಂದು ಕೈಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದಳು. ಯಾರೂ ಅಡ್ಡ ಬರಲಿಲ್ಲ. ತಂದೆಯ ಅಕ್ಕ ಒಂದು ಮಾತು ಹೇಳಿದ ಮೇಲೆ ಅದಕ್ಕೆ ಎದುರು ಹೇಳುವ ಗಂಡಸು ಟೊಂಗಾದಲ್ಲಿ ಇನ್ನೂ ಹುಟ್ಟಿಲ್ಲ.

ಆಮೇಲೆ ಸತೇಕಿಯ ತಾಯಿ ಫುಸಿ ತೀರಿಕೊಂಡಳು. ದೇವರು ಕೊಟ್ಟವಳು, ದೇವರೇ ಕರೆದುಕೊಂಡ. ನಾವು ಏನು ಹೇಳಬಲ್ಲೆವು. ಅವಳನ್ನು ಮಣ್ಣು ಮಾಡಿದ ವಾರವೇ ಸತೇಕಿ ಯಾರೂ ಹೇಳದೆ ಹಡಗು ಹತ್ತಿ ರಾಜಧಾನಿಯ ಚಿಕಿತ್ಸಾಮನೆಗೆ ಹೋಗಿ ಸೇರಿಕೊಂಡ. ಕೆಲವು ತಿಂಗಳಾದ ಮೇಲೆ ಹಿಂದಿರುಗಿದಾಗ ಮನೆಯಲ್ಲಿ ಇದ್ದವನು ತಂದೆ ಕಿತಿಯೋನೆ ಒಬ್ಬನೇ. ಅವನಿಗೆ ಅರವತ್ತೆಂಟು ವರ್ಷ. ಚರ್ಚಿನಲ್ಲಿ ಉಪದೇಶ ಮಾಡುವವನು. ಹೆಂಡತಿಯ ಶೋಕಕ್ಕೆ ಕಪ್ಪು ಬಟ್ಟೆ ಉಟ್ಟು, ಅದರ ಮೇಲೆ ಸೊಂಟಕ್ಕೆ ಕೇದಗೆ ಗರಿಯ ಒರಟು ಚಾಪೆ ಸುತ್ತಿಕೊಂಡು ಓಡಾಡುತ್ತಿದ್ದ.

ಚಿಕಿತ್ಸಾಮನೆಯವರು, ವಾರಕ್ಕೊಮ್ಮೆ ದ್ವೀಪದ ನರ್ಸ್ ಬಂದು ಹುಡುಗನನ್ನು ನೋಡಬೇಕು ಎಂದು ಹೇಳಿ ಕಳಿಸಿದ್ದರು. ತೊವಾಕಾಸೆ ತನ್ನದೂ ಒಂದು ಮಾತು ಸೇರಿಸಿದಳು. "ಕ್ರಿಸ್‌ಮಸ್ಸಿಗೆ ಮುಂಚೆ ನಾನು ಮಗಳ ಹತ್ತಿರ ಆಕ್ಲಂಡಿಗೆ ಹೋಗ್ತೀನಿ. ಅಷ್ಟರೊಳಗೆ ನರ್ಸ್ ಇವನು ಸರಿ ಇದಾನೆ ಅಂದ್ರೆ ಲೋಸಾ ಇಲ್ಲಿಗೆ ಬರ್ತಾಳೆ. ಇಲ್ಲ ಅಂದ್ರೆ ನನ್ನ ಜೊತೆ ವಿಮಾನ ಹತ್ತುತಾಳೆ. ಅಲ್ಲೇ ಸ್ಕೂಲಿಗೆ ಹಾಕ್ತೀನಿ." ಹೀಗೆ ಹೇಳಿ ಅವಳು ಹೋದಳು. ಅವಳು ಹೇಳುವಾಗ ಕಿತಿಯೋನೆ ಅಂಗಳದಲ್ಲಿ ನಿಂತಿದ್ದ. ಅಕ್ಕ ಒಳಗಿದ್ದಾಗ ತಮ್ಮ ಹೊರಗಿರಬೇಕು ಎನ್ನುವುದನ್ನು ಈಗಿನವರು ಅಷ್ಟಾಗಿ ನಡೆಸುವುದಿಲ್ಲ. ಕಿತಿಯೋನೆ ನಡೆಸುತ್ತಿದ್ದ.

ಆ ಶನಿವಾರ ನರ್ಸ್ ಬಂದಳು. ಹೆಸರು ಪಿಸಿಲಾ. ಬಿಳಿ ಸಮವಸ್ತ್ರ, ತೋಳಿನಲ್ಲಿ ಚೀಲ. ಫುಸಿಯ ತಂಗಿಯ ಮಗಳು. ಗೇಟಿನವರೆಗೆ ಬಂದು ನಿಂತುಬಿಟ್ಟಳು.

"ಒಳಗೆ ಬಾಮ್ಮ," ಎಂದ ಕಿತಿಯೋನೆ.

"ಅಣ್ಣ ಎಲ್ಲಿ?"

"ಒಳಗಿದಾನೆ."

"ಮತ್ತೆ ನಾನು ಹೆಂಗೆ ಬರಲಿ ದೊಡ್ಡಪ್ಪ?"

ನಮ್ಮಲ್ಲಿ ಚಿಕ್ಕಮ್ಮನ ಮಗಳೆಂದರೆ ಒಡಹುಟ್ಟಿದ ತಂಗಿಯೇ. ಅಣ್ಣ ತಂಗಿ ದೊಡ್ಡವರಾದ ಮೇಲೆ ಒಂದು ಕೋಣೆಯಲ್ಲಿ ಕೂರುವ ಹಾಗಿಲ್ಲ, ಒಬ್ಬರ ಹಾಸಿಗೆ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮೈಗೆ ಸಂಬಂಧಪಟ್ಟ ಮಾತನ್ನು ಒಬ್ಬರು ಆಡಿ ಇನ್ನೊಬ್ಬರು ಕೇಳುವ ಹಾಗಂತೂ ಇಲ್ಲವೇ ಇಲ್ಲ.

ಕಿತಿಯೋನೆ ಯೋಚಿಸಿ, "ಅವನನ್ನ ಹೊರಗೆ ಕಳಿಸ್ತೀನಿ," ಎಂದ.

"ಕಳಿಸಿಬಿಟ್ರೆ ನಾನು ನೋಡೋದು ಯಾರನ್ನ?"

"ಬೇರೆ ನರ್ಸ್ ಇಲ್ವೇನಮ್ಮ?"

"ಇದಾಳೆ, ವೈಕಾ. ಅವಳೂ ಅವನಿಗೆ ತಂಗಿ."

"ಗಂಡಸು ಒಬ್ಬ ಇದ್ದನಲ್ಲ?"

"ಅವನು ಆ ಕಡೆ ಚರ್ಚಿನೋನು. ಸೊಳ್ಳೆ ಔಷಧಿ ಹೊಡೆಯೋಕೆ ಬಂದಾಗ ನೀವೇ ಅವನನ್ನ ಗೇಟಿಂದ ಆಚೆ ಓಡಿಸಿದ್ರಿ."

ಕಿತಿಯೋನೆ ಜೀಗುಜ್ಜೆ ಮರದ ಕಡೆಗೆ ನೋಡಿದ. "ಅವನು ಹೊಡೆದ್ರೆ ಸೊಳ್ಳೆ ಸಾಯಲ್ಲ," ಎಂದ.

ಒಳಗಿನಿಂದ ಸತೇಕಿ ಕೂಗಿದ. ಹಲ್ಲಿಲ್ಲದ್ದರಿಂದ ಮಾತಿನ ಜೊತೆ ಸಿಳ್ಳೂ ಬಂತು. "ಅಪ್ಪ, ನಾನು ಹಿತ್ತಲ ಅಡಿಗೆಮನೆಗೆ ಹೋಗ್ತೀನಿ. ಅವಳು ಜಗಲೀಲಿ ಕೂರಲಿ. ಬಿಸಿಲಲ್ಲಿ ಯಾಕೆ ನಿಲ್ಲಿಸಿದೀಯ?"

ಹಾಗೆಯೇ ಆಯಿತು. ಪಿಸಿಲಾ ಮುಂದಿನ ಜಗಲಿಯಲ್ಲಿ ಚಾಪೆಯ ಮೇಲೆ ಕೂತಳು. ಸತೇಕಿ ಮನೆಯ ಹಿಂದೆ, ಬೇರೆಯಾಗಿ ಕಟ್ಟಿದ ಅಡಿಗೆಮನೆಯಲ್ಲಿ ಕೂತ. ನಡುವೆ ಇಡೀ ಮನೆ. ಅವಳು ಕೇಳಿದ್ದನ್ನು ಅವನಿಗೆ, ಅವನು ಹೇಳಿದ್ದನ್ನು ಅವಳಿಗೆ ಮುಟ್ಟಿಸುವ ಕೆಲಸ ಕಿತಿಯೋನೆಯದು. ಮೂತ್ರ ಪರೀಕ್ಷೆಯ ಶೀಷೆಯನ್ನು ಮಾತ್ರ ಸತೇಕಿಯೇ ತುಂಬಿ, ಒಂದು ಚಿಂದಿ ಸುತ್ತಿ, ಅವಳು ಬರುವ ಮುಂಚೆ ಕಿಟಕಿಯಲ್ಲಿ ಇಟ್ಟಿರುತ್ತಿದ್ದ.

ಮೊದಲ ದಿನ ಕಿತಿಯೋನೆ ಹಿಂದಕ್ಕೂ ಮುಂದಕ್ಕೂ ನಿಜವಾಗಿಯೇ ನಡೆದ. ನಿದ್ದೆ ಹೇಗಿದೆ? ಚೆನ್ನಾಗಿದೆ. ಊಟ? ಚೆನ್ನಾಗಿದೆ. ಮನಸ್ಸು? ಚೆನ್ನಾಗಿದೆ.

ಪಿಸಿಲಾ ಪೆನ್ನು ಕೆಳಗಿಟ್ಟಳು. "ದೊಡ್ಡಪ್ಪ, ಚೆನ್ನಾಗಿದೀನಿ ಅನ್ನೋದು ಉತ್ತರ ಅಲ್ಲ. ಐಸ್ ಸೇದೋವಾಗಲೂ ಅವರು ಅದನ್ನೇ ಹೇಳ್ತಾರೆ. ಸರಿಯಾಗಿ ವಿಚಾರಿಸಿ ಹೇಳಿ."

"ಆಯ್ತಮ್ಮ."

"ಇನ್ನು ಕೇಳಿ. ಅವನು ಎಷ್ಟು ಹೊತ್ತು ಮಲಗಿದ್ರೂ ಎಬ್ಬಿಸಬೇಡಿ. ಮೆತ್ತಗಿರೋದು ಸ್ವಲ್ಪ ಸ್ವಲ್ಪ ಕೊಡಿ. ಬೆಳಿಗ್ಗೆ ಸಾಯಂಕಾಲ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬೇಕು. ದಿನಾ ಏನಾದ್ರೂ ಒಂದು ಸಣ್ಣ ಕೆಲಸ ಹೇಳಿ. ಬೈಬೇಡಿ, ಬೈದ್ರೆ ಗುಣ ಆಗಲ್ಲ. ಉಪದೇಶ ಬೇಡವೇ ಬೇಡ."

ಕಿತಿಯೋನೆಗೆ ಕೊನೆಯ ಮಾತು ಸರಿಯಾಗಿ ಕೇಳಿಸಲಿಲ್ಲವೋ ಏನೋ. "ಉಪದೇಶ ಅಂದ್ರೆ ಯಾವುದು?" ಎಂದ.

"ಬೈಬಲ್ ಹಿಡ್ಕೊಂಡು ಅವನ ಮುಂದೆ ನಿಂತ್ರೆ ಅದು ಉಪದೇಶ."

"ಕೂತ್ಕೊಂಡ್ರೆ?"

"ಕೂತ್ರೂ ಅದೇ ದೊಡ್ಡಪ್ಪ."

ಮೂವತ್ತು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳಿದವನಿಗೆ ತನ್ನ ಮನೆಯಲ್ಲೇ ಬಾಯಿಗೆ ಬೀಗ ಬಿತ್ತು. ಆದರೆ ನರ್ಸ್ ಪ್ರಾರ್ಥನೆ ಬೇಡ ಎಂದಿರಲಿಲ್ಲ. ಊಟಕ್ಕೆ ಮುಂಚಿನ ಪ್ರಾರ್ಥನೆ ದಿನದಿಂದ ದಿನಕ್ಕೆ ಉದ್ದವಾಯಿತು. ಮೊದಮೊದಲು ಕೆಸುವಿನ ಗೆಡ್ಡೆಗೂ ಮೀನಿಗೂ ದೇವರನ್ನು ಸ್ತುತಿಸಿ ನಿಲ್ಲುತ್ತಿತ್ತು. ಆಮೇಲೆ, ತಂದೆಯ ಆಸ್ತಿ ಹಾಳು ಮಾಡಿ ಹಂದಿಗಳ ಜೊತೆ ಉಂಡ ಮಗ ಬಂದ. ಆಮೇಲೆ ಮೀನಿನ ಹೊಟ್ಟೆ ಸೇರಿದ ಯೋನ ಬಂದ. ಮೀನು ತಣ್ಣಗಾಯಿತು. ಫುಸಿ ಇದ್ದಾಗ, ಸಾಕು ಎನ್ನಿಸಿದ ಕೂಡಲೇ ಒಂದು ಸಲ ಕೆಮ್ಮುತ್ತಿದ್ದಳು. ಈಗ ಕೆಮ್ಮುವವರು ಇಲ್ಲದ್ದರಿಂದ ಆಮೆನ್ ಎಲ್ಲಿ ಹೇಳಬೇಕೆಂದು ಕಿತಿಯೋನೆಗೇ ತಿಳಿಯುತ್ತಿರಲಿಲ್ಲ.

"ಅಪ್ಪ," ಎಂದ ಸತೇಕಿ ಒಂದು ದಿನ, ಕಣ್ಣು ಮುಚ್ಚಿಕೊಂಡೇ. "ಹೊಟ್ಟೆ ಹಸೀತಿದೆ."

"ದೇವರ ಹತ್ತಿರ ಮಾತಾಡ್ತಿದೀನಿ. ನಿನ್ನ ಹತ್ತಿರ ಅಲ್ಲ."

"ದೇವರಿಗೆ ನನ್ನ ವಿಷಯ ಗೊತ್ತು. ಮೀನಿನ ವಿಷಯ ಹೇಳು."

ಎರಡನೆಯ ಶನಿವಾರ ಪಿಸಿಲಾ ರಕ್ತದ ಒತ್ತಡ ನೋಡುವ ಯಂತ್ರ ತಂದಿದ್ದಳು. ಅಣ್ಣನ ತೋಳು ಅವಳು ಮುಟ್ಟುವ ಹಾಗಿಲ್ಲ. ಆದ್ದರಿಂದ ಪಟ್ಟಿ ಹೇಗೆ ಸುತ್ತಬೇಕು, ಗುಂಡಿ ಯಾವುದು, ಎಲ್ಲ ಕಿತಿಯೋನೆಗೆ ಕಲಿಸಿದಳು. "ಎಡಗೈಗೆ ಸುತ್ತಿ, ಗುಂಡಿ ಒತ್ತಿ, ಮಾತಾಡದೆ ಕೂರಬೇಕು. ಬಂದ ಅಂಕಿ ನನಗೆ ತಂದು ತೋರಿಸಿ."

ಕಿತಿಯೋನೆ ಯಂತ್ರವನ್ನು ಪ್ರಭುಭೋಜನದ ತಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋದ. ಅಲ್ಲಿ ಸತೇಕಿ ತೆಂಗಿನಸಿಪ್ಪೆಯ ಮೂಟೆಗೆ ಒರಗಿ, ಬಾಯಿ ತೆರೆದು ಗಾಢವಾಗಿ ನಿದ್ದೆ ಮಾಡುತ್ತಿದ್ದ. ಎಬ್ಬಿಸಬೇಡಿ ಎಂದು ನರ್ಸ್ ಹೇಳಿದ್ದಳು. ಅಂಕಿ ತನ್ನಿ ಎಂದೂ ನರ್ಸೇ ಹೇಳಿದ್ದಳು. ಕಿತಿಯೋನೆ ಎರಡು ಮಾತನ್ನೂ ತೂಗಿ ನೋಡಿದ. ನಡುಮನೆಗೆ ಹಿಂದಿರುಗಿ, ಬಾಗಿಲು ಅರ್ಧ ಮುಚ್ಚಿ, ಪಟ್ಟಿಯನ್ನು ತನ್ನ ಎಡಗೈಗೆ ಸುತ್ತಿಕೊಂಡ. ತನ್ನ ರಕ್ತವೇ ಮಗನಲ್ಲಿ ಓಡುತ್ತಿರುವಾಗ ಅಂಕಿ ಬೇರೆ ಹೇಗಾದೀತು ಎಂದು ಅವನ ಲೆಕ್ಕ.

ಅಂಕಿ ನೋಡಿ ಪಿಸಿಲಾ ಹುಬ್ಬೇರಿಸಿದಳು. "ಈ ವಯಸ್ಸಿಗೆ ಇಷ್ಟೊಂದಾ? ದೊಡ್ಡಪ್ಪ, ಅಣ್ಣನಿಗೆ ಉಪ್ಪು ನಿಲ್ಲಿಸಿ. ಡಬ್ಬಿ ಮಾಂಸ ಕೂಡದು."

ಅಂದಿನಿಂದ ಸತೇಕಿಗೆ ಉಪ್ಪಿಲ್ಲದ ಕೆಸುವಿನ ಗೆಡ್ಡೆ, ಉಪ್ಪಿಲ್ಲದ ಮೀನು, ಉಪ್ಪಿಲ್ಲದ ಜೀಗುಜ್ಜೆ. ತಂದೆಯ ತಟ್ಟೆಯಲ್ಲಿ ಡಬ್ಬಿ ಮಾಂಸ. ಬೆಳೆದ ಮಗ ತಂದೆಯ ತಟ್ಟೆಗೆ ಕೈ ಹಾಕುವ ಹಾಗಿಲ್ಲ, ಆದ್ದರಿಂದ ನೋಡುತ್ತ ಕೂತ. ಬಾಯಿ ಮುಕ್ಕಳಿಸುವ ಉಪ್ಪುನೀರು ಒಂದು ಉಳಿದಿತ್ತು. ಅದನ್ನು ಉಗುಳದೆ ನುಂಗುತ್ತಿದ್ದ. ಕಿತಿಯೋನೆ ಅದನ್ನು ಕಂಡು ಹಿಡಿದು ಉಪ್ಪಿನ ಡಬ್ಬವನ್ನೇ ಹಾಡಿನ ಪುಸ್ತಕದ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ.

"ಅಪ್ಪ, ಚಿಕಿತ್ಸಾಮನೇಲಿ ಇದಕ್ಕಿಂತ ಒಳ್ಳೆ ಊಟ ಇತ್ತು."

"ಅಲ್ಲಿ ನಿನ್ನ ತಂಗಿ ಇರಲಿಲ್ಲ."

ಮೂರನೆಯ ವಾರದಿಂದ ಪಿಸಿಲಾ ಮನಸ್ಸಿನ ಪ್ರಶ್ನೆಗಳಿಗೆ ಕೈ ಹಾಕಿದಳು. ದಿನದಲ್ಲಿ ಯಾವಾಗಲಾದರೂ ಸಂತೋಷ ಅನ್ನಿಸುತ್ತದೆಯೇ, ಬೆಳಿಗ್ಗೆ ಏಳಲು ಮನಸ್ಸು ಬರುತ್ತದೆಯೇ, ಜನರ ಜೊತೆ ಕೂರಬೇಕು ಅನ್ನಿಸುತ್ತದೆಯೇ. ಕಿತಿಯೋನೆ ಪ್ರಶ್ನೆ ಕೇಳಿಕೊಂಡು ಒಳಗೆ ಹೋಗುವನು. ಆದರೆ ಬೆಳೆದ ಮಗನ ಮುಂದೆ ನಿಂತು, ನಿನಗೆ ಸಂತೋಷ ಇದೆಯೇನಪ್ಪ ಎಂದು ಕೇಳುವುದು ಹೇಗೆ? ಅವನ ತಂದೆ ಅವನನ್ನು ಎಂದೂ ಕೇಳಿರಲಿಲ್ಲ. ನಡುಮನೆಯ ಗೋಡೆಯ ಮೇಲೆ ಫುಸಿಯ ಪಟವಿತ್ತು. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುವನು. ನಿಂತು, ಜಗಲಿಗೆ ಬಂದು ಉತ್ತರ ಹೇಳುವನು. ಚೆನ್ನಾಗಿದೆ ಎನ್ನುವುದು ಉತ್ತರವಲ್ಲ ಎಂದು ಅವಳು ಹೇಳಿದ್ದಳಲ್ಲ, ಸರಿಯಾಗಿಯೇ ಹೇಳುವನು.

"ಸಂತೋಷ ಭಾನುವಾರ ಹಾಡು ಹೇಳೋವಾಗ ಸ್ವಲ್ಪ ಇರುತ್ತೆ. ಮನೆ ಬಾಗಿಲು ತೆಗೆದ್ರೆ ಹೋಗುತ್ತೆ."

"ನಿದ್ದೆ?"

"ಮೂರು ಗಂಟೆಗೆ ಕಣ್ಣು ಬಿಟ್ರೆ ಮುಗೀತು."

"ಊಟ?"

"ತಟ್ಟೆಗೆ ಹಾಕ್ಕೊಳ್ಳೋದು, ಹಂದಿಗೆ ಹಾಕೋದು."

"ಜನರ ಜೊತೆ ಕೂರಬೇಕು ಅನ್ನಿಸುತ್ತಾ?"

"ರಾತ್ರಿ ಗಂಡಸರು ಸೇರಿ ಕಾವಾ ಬೇರಿನ ರಸ ಕುಡಿಯೋ ಕಡೆ ಕರೀತಾರೆ. ಹೋದ್ರೆ ನಗಬೇಕಾಗುತ್ತೆ. ಅದಕ್ಕೇ ಹೋಗೋದಿಲ್ಲ."

ಪಿಸಿಲಾ ಬರೆದುಕೊಂಡು ಮೂಗು ಒರೆಸಿಕೊಂಡಳು. "ಪಾಪ ಅಣ್ಣ," ಎಂದಳು.

ಕಿತಿಯೋನೆ ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಯಾರ ನಿದ್ದೆ, ಯಾರ ಊಟ ಎನ್ನುವುದನ್ನು ಮಾತ್ರ ಅವನು ಹೇಳಿರಲಿಲ್ಲ. ನಮ್ಮ ಮಾತಿನಲ್ಲಿ ಅದನ್ನು ಹೇಳದೆಯೂ ಮಾತು ಮುಗಿಯುತ್ತದೆ.

ಇತ್ತ ಹಿತ್ತಲಿನಲ್ಲಿ ಸತೇಕಿ ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದ. ಮಲಗಿದರೆ ಕೊರಡು. ಎದ್ದರೆ ಹಸಿವು. ಮೈ ಪರಚಿಕೊಂಡಿದ್ದ ಗಾಯಗಳು ಒಣಗಿದವು. ಹಂದಿಗೂಡಿನ ಬೇಲಿ ಕಟ್ಟಿದ, ಮರಗೆಣಸಿನ ಪಾತಿಯ ಕಳೆ ತೆಗೆದ. ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ಮುಖ ಬಿಗಿದುಕೊಂಡು ಹಡಗುಕಟ್ಟೆಯ ದಾರಿಯನ್ನೇ ನೋಡುತ್ತ ಕೂರುತ್ತಿದ್ದ. ಆಗ ಎದ್ದು ಗುದ್ದಲಿ ಹಿಡಿಯುತ್ತಿದ್ದ. ಅಂಥ ದಿನ ಕಳೆ ಚೆನ್ನಾಗಿ ಹೋಗುತ್ತಿತ್ತು.

ಭಾನುವಾರ ಚರ್ಚು ಬಿಟ್ಟ ಮೇಲೆ ಲೋಸಾ ಅವನ ಹತ್ತಿರ ಓಡಿ ಬರುತ್ತಿದ್ದಳು. ಅವಳಿಗೂ ಮುಂದಿನ ಹಾಲುಹಲ್ಲು ಬಿದ್ದಿದ್ದವು. ತಂದೆ ಮಗಳು ಮಾತಾಡಿದರೆ ಎರಡು ಕಡೆಯಿಂದಲೂ ಸಿಳ್ಳು.

"ಅಪ್ಪ, ನನಗೆ ಹೊಸದು ಬರುತ್ತಂತೆ. ನಿನಗೆ?"

"ನನಗೆ ಬರಲ್ಲ."

"ಯಾಕೆ?"

"ನಾನು ಎರಡನೇ ಸಲದ್ದನ್ನೂ ಕಳ್ಕೊಂಡೆ."

"ಹುಡುಕಿದ್ಯಾ?"

"ಸುಮ್ನೆ ಬಾರೇ, ಪ್ರಶ್ನೆ ಕೇಳಿ ಕೇಳಿ ಅವನನ್ನ ದಣಿಸಬೇಡ," ಎಂದು ತೊವಾಕಾಸೆ ಕೊಡೆಯ ತುದಿಯಿಂದ ಅವಳನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು.

ಐದನೆಯ ಶನಿವಾರ ಪಿಸಿಲಾ ಎದ್ದು ಹೊರಟಾಗ ಗೇಟಿನ ಹತ್ತಿರ ತೊವಾಕಾಸೆ ಕಾದಿದ್ದಳು. "ಏನಮ್ಮ, ಹುಡುಗ ಸರಿ ಹೋದನಾ? ಟಿಕೆಟಿನ ಹುಡುಗಿ ಹೆಸರು ಕೇಳ್ತಿದಾಳೆ."

ಪಿಸಿಲಾ ಚೀಲವನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು. "ಐಸ್ ಮುಟ್ಟಿಲ್ಲ ಅತ್ತೆ. ಶೀಷೆ ಪ್ರತಿ ಸಲವೂ ಶುದ್ಧ. ಆದ್ರೆ ಮನಸ್ಸು ಪೂರಾ ಕುಸಿದಿದೆ. ನಿದ್ದೆ ಇಲ್ಲ, ಅನ್ನ ಇಲ್ಲ, ಯಾರ ಮುಖನೂ ಬೇಡ ಅಂತಾನಂತೆ. ರಕ್ತದೊತ್ತಡ ಮುದುಕರ ಹಂಗಿದೆ. ಇಂಥೋರು ಮತ್ತೆ ಜಾರಿಬಿಡ್ತಾರೆ. ಸರಿ ಇದಾನೆ ಅಂತ ನಾನು ಹೇಳೋಕಾಗಲ್ಲ. ಮುಂದಿನ ವಾರ ಕೊನೇ ಪ್ರಶ್ನೆಗಳಿವೆ, ಅದಾದ ಮೇಲೆ ರಾಜಧಾನಿಗೆ ವಾಪಸ್ ಕಳಿಸಿ ಅಂತ ಬರೀಬೇಕಾಗುತ್ತೇನೋ."

"ಹಾಗಾದ್ರೆ ಎರಡು ಟಿಕೆಟ್," ಎಂದಳು ತೊವಾಕಾಸೆ. ಹೇಳಿ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಳು. ಅವಳಿಗೂ ಅದು ಬೇಕಾಗಿರಲಿಲ್ಲ.

ಸುದ್ದಿ ಸತೇಕಿಗೆ ಸಾಯಂಕಾಲದ ಊಟದ ಹೊತ್ತಿಗೆ ತಿಳಿಯಿತು. ಅಂದು ಪ್ರಾರ್ಥನೆ ಶುರುವಾಗಲು ಅವನು ಬಿಡಲಿಲ್ಲ.

"ಅಪ್ಪ, ನೀನು ಅವಳಿಗೆ ಏನು ಹೇಳಿದೆ?"

"ಇದ್ದದ್ದನ್ನ ಹೇಳಿದೆ."

"ಇದ್ದದ್ದು ಏನು? ನಾನು ಹೊರಗೆ ಬಂದು ಮೂರು ಬೇಲಿ ಕಟ್ಟಿದೀನಿ. ನಿನ್ನ ಕಣ್ಣಿಗೆ ಬೀಳಲಿಲ್ವಾ?"

"ಬೇಲಿ ಬಗ್ಗೆ ಅವಳು ಕೇಳಲಿಲ್ಲ."

"ನೀನು ನನ್ನನ್ನ ಏನೂ ಕೇಳ್ತಾನೇ ಇಲ್ವಲ್ಲ. ಮೊದಲ ದಿನ ಕೇಳಿದ್ದು ಬಿಟ್ರೆ ಆಮೇಲೆ ನೀನು ಅಡಿಗೆಮನೆ ಹತ್ರ ಬಂದಿದ್ದೇ ನಾನು ಕಾಣೆ."

"ನೀನು ಮಲಗಿರ್ತೀಯ."

"ಮಲಗಿರ್ತೀನಿ ಅಂತ ಅವಳಿಗೆ ಹೇಳಿದ್ಯಾ?"

ಕಿತಿಯೋನೆ ಪ್ರಾರ್ಥನೆಗೆ ಕೈ ಜೋಡಿಸಿದ. ಸತೇಕಿ ತಟ್ಟೆ ತಳ್ಳಿ ಎದ್ದ. ಬಾಗಿಲಿನಲ್ಲಿ ನಿಂತು, "ಆ ಮಗೂನೂ ಹೋದ್ರೆ ನಾನು ಯಾತಕ್ಕೆ ಬೇಲಿ ಕಟ್ಟಲಿ," ಎಂದ. ಆದರೂ ಹಡಗುಕಟ್ಟೆಯ ಕಡೆ ಹೋಗಲಿಲ್ಲ. ಅಂಗಳ ದಾಟಿ ಅತ್ತೆಯ ಮನೆಗೆ ಹೋದ. ಅವಳ ಜಗಲಿಯ ಕೆಳಗೆ, ನೆಲದ ಮೇಲೆ, ಅತ್ತೆಯ ಮುಂದೆ ಕೂರಬೇಕಾದ ಹಾಗೆ ಕೂತ.

"ಅತ್ತೆ, ಮುಂದಿನ ಶನಿವಾರ ನೀವು ಬನ್ನಿ. ಪ್ರಶ್ನೆ ನೀವು ಕೇಳಿ. ಆಮೇಲೆ ಎಷ್ಟು ಟಿಕೆಟ್ ಬೇಕಾದ್ರೂ ತಗೊಳ್ಳಿ."

ಆರನೆಯ ಶನಿವಾರ ತೊವಾಕಾಸೆ ಲೋಸಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಳು. ನಡುಮನೆಯಲ್ಲಿ ಫುಸಿಯ ಪಟದ ಕೆಳಗೆ ಕುರ್ಚಿ ಹಾಕಿಸಿ ಕೂತಳು. ಅಕ್ಕ ಒಳಗೆ ಬಂದ ಕೂಡಲೇ ಕಿತಿಯೋನೆ ಹೊರಗೆ ಬಂದು, ಜಗಲಿಯ ಕೆಳಗೆ ಪಿಸಿಲಾಳ ಎದುರಿಗೆ ನಿಂತ. ಅವನ ಕೆಲಸ ಅಲ್ಲಿಗೆ ತಪ್ಪಿತು.

"ಸತೇಕಿ, ಹಿಂದಿನ ಬಾಗಿಲ ಹತ್ರಕ್ಕೆ ಬಾ," ಎಂದು ಅವಳು ಕೂಗಿದಳು. "ನನ್ನ ಮಂಡಿಗೆ ಅಡಿಗೆಮನೆ ತನಕ ಓಡಾಡೋಕೆ ಆಗಲ್ಲ. ಬಾಗಿಲ ಮರೇಲಿ ಕೂತ್ಕೊ. ತಂಗಿ ಮುಖ ಕಾಣಬಾರದು, ಅಷ್ಟೇ ತಾನೆ. ಪಿಸಿಲಾ, ಕೇಳಮ್ಮ."

"ರಾತ್ರಿ ನಿದ್ದೆ ಹೇಗೆ ಬರುತ್ತೆ ಅಂತ ಕೇಳಿ ಅತ್ತೆ."

"ಲೋ, ನಿದ್ದೆ ಹೇಗೆ?"

"ಬಿದ್ರೆ ಚರ್ಚಿನ ಗಂಟೆ ಹೊಡೆದ್ರೂ ಎಚ್ಚರ ಇಲ್ಲ ಅತ್ತೆ."

"ಗಂಟೆ ಹೊಡೆದ್ರೂ ಎಚ್ಚರ ಇಲ್ಲವಂತೆ," ಎಂದಳು ತೊವಾಕಾಸೆ. ಅದನ್ನು ಹೇಳುವ ಅಗತ್ಯ ಇರಲಿಲ್ಲ. ಜಗಲಿಗೆ ಎಲ್ಲ ಕೇಳಿಸಿತ್ತು.

ಪಿಸಿಲಾ ಹಿಂದಿನ ವಾರ ಬರೆದದ್ದನ್ನು ನೋಡಿಕೊಂಡಳು. "ಮೂರು ಗಂಟೆಗೆ ಎಚ್ಚರ ಆಗುತ್ತೆ ಅಂತ ಇದೆಯಲ್ಲ?"

"ಮೂರು ಗಂಟೆಗೆ ಏಳೋದು ಅಪ್ಪ," ಎಂದಿತು ಬಾಗಿಲ ಮರೆಯ ಸಿಳ್ಳು. "ನೀರು ಕುಡಿಯೋಕೆ ಎದ್ದಾಗ ನೋಡಿದೀನಿ. ಅಮ್ಮನ ಪಾತ್ರೆಗಳನ್ನ ತೊಳೀತಿರ್ತಾನೆ. ತೊಳೆದು ಒರೆಸಿ ಇಟ್ಟು, ಮತ್ತೆ ತೆಗೆದು ತೊಳೀತಾನೆ."

ತೊವಾಕಾಸೆ ಈ ಸಲ ಮಾತು ಮುಟ್ಟಿಸಲಿಲ್ಲ. ಪಿಸಿಲಾ ತಲೆ ಎತ್ತಿದಳು. ಕಿತಿಯೋನೆ ಹಂದಿಗೂಡಿನ ಹೊಸ ಬೇಲಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

"ಊಟ ಸೇರುತ್ತಾ ಅಂತ ಕೇಳಿ," ಎಂದಳು ಪಿಸಿಲಾ ಮೆಲ್ಲಗೆ.

"ಉಪ್ಪಿಲ್ಲದೇನೂ ಎರಡು ತಟ್ಟೆ ತಿಂತೀನಿ ಅತ್ತೆ. ಅಪ್ಪ ತನ್ನ ತಟ್ಟೇಲಿ ಎರಡು ತುತ್ತು ತಿಂದು ಉಳಿದದ್ದನ್ನ ಹಂದಿಗೆ ಸುರೀತಾನೆ. ಡಬ್ಬಿ ಮಾಂಸನೂ ಸುರೀತಾನೆ. ನನ್ನ ಕಣ್ಣೆದುರಿಗೆ."

ಇನ್ನು ಕೆಲವು ಪ್ರಶ್ನೆಗಳಾದ ಮೇಲೆ ಪಿಸಿಲಾಳ ಮುಖ ಕೆಂಪಾಯಿತು. ಎದ್ದು ಬಾಗಿಲಿನಿಂದ ತೋಳು ಮಾತ್ರ ಒಳಗೆ ಚಾಚಿ ಹಾಳೆಯನ್ನು ತೊವಾಕಾಸೆಗೆ ಕೊಟ್ಟು, "ಅತ್ತೆ, ಮುಂದಿನದನ್ನ ನೀವೇ ಓದ್ಕೊಂಡು ಕೇಳಿ. ನಾನು ಹೇಳೋ ಹಾಗಿಲ್ಲ," ಎಂದು ಎರಡು ಕಿವಿಯನ್ನೂ ಮುಚ್ಚಿಕೊಂಡು ಜೀಗುಜ್ಜೆ ಮರದಾಚೆಗೆ ಓಡಿದಳು. ತೊವಾಕಾಸೆ ಕನ್ನಡಕ ಹಾಕಿಕೊಂಡು, ಗಂಡ ಹೆಂಡಿರ ಮಲಗುವ ಕೋಣೆಯ ಸುಖದ ಬಗ್ಗೆ ಸರ್ಕಾರ ಕೇಳಿದ್ದ ಪ್ರಶ್ನೆಯನ್ನು ಚರ್ಚಿನಲ್ಲಿ ಪಾಠ ಓದುವ ದನಿಯಲ್ಲಿ ಪೂರ್ತಿ ಓದಿದಳು. ಪಕ್ಕದ ಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ನಿಂತಳು. ಬಾಗಿಲ ಮರೆಯಲ್ಲಿ ಸತೇಕಿ ಅಂಗಿಯನ್ನು ತಲೆಯ ಮೇಲೆ ಎಳೆದುಕೊಂಡಿದ್ದ.

"ಹೆಂಡತಿ ಆಕ್ಲಂಡಲ್ಲಿ, ಇವನು ಇಲ್ಲಿ," ಎಂದಳು ತೊವಾಕಾಸೆ. "ಸೊನ್ನೆ ಹಾಕ್ತೀನಿ. ಕರೀರಿ ಅವಳನ್ನ."

ಪಿಸಿಲಾ ಹಿಂದಿರುಗಿ, ಯಂತ್ರವನ್ನು ಬಾಗಿಲಿನಿಂದ ಒಳಗೆ ನೂಕಿದಳು. "ಕೊನೇದಾಗಿ ಇದು. ಎಡಗೈಗೆ ಸುತ್ತಿ ಅಂತ ಹೇಳಿ. ಅವನಿಗೆ ಗೊತ್ತಿರುತ್ತೆ."

ತೊವಾಕಾಸೆ ಅದನ್ನು ಹಿಂದಿನ ಬಾಗಿಲಿಗೆ ಮುಟ್ಟಿಸಿದಳು. ಆಮೇಲೆ ಸತೇಕಿ, "ಅತ್ತೆ, ಇದೇನು?" ಎಂದ.

"ನಿನಗೆ ಗೊತ್ತಂತೆ."

"ನಾನು ಇದನ್ನ ಈ ಮನೇಲಿ ನೋಡೇ ಇಲ್ಲ."

ಪಿಸಿಲಾ ನಿಧಾನವಾಗಿ ಕಿತಿಯೋನೆಯ ಕಡೆ ತಿರುಗಿದಳು. "ದೊಡ್ಡಪ್ಪ, ಇಷ್ಟು ವಾರ ಯಾರ ಕೈಗೆ ಸುತ್ತಿದ್ರಿ?"

"ಎಡಗೈಗೆ," ಎಂದ ಕಿತಿಯೋನೆ.

"ಯಾರ ಎಡಗೈಗೆ?"

"ಅವನು ಮಲಗಿದ್ದನಮ್ಮ. ಎಬ್ಬಿಸಬೇಡಿ ಅಂದಿದ್ದೆಯಲ್ಲ. ನನ್ನ ಮಗನೇ ತಾನೆ."

"ಆರು ವಾರ ನನ್ನ ಉಪ್ಪು ಕಿತ್ಕೊಂಡಿದ್ದು ಇದಕ್ಕಾ?" ಎಂದು ಒಳಗಿನಿಂದ ಸಿಳ್ಳಿನ ಜೊತೆ ಕೂಗು ಬಂತು.

"ನಾಲ್ಕು ವಾರ," ಎಂದ ಕಿತಿಯೋನೆ.

ಸತೇಕಿಯ ಅಂಕಿ ಸರಿಯಾಗಿಯೇ ಇತ್ತು. ಪಿಸಿಲಾ ಯಂತ್ರವನ್ನು ಹಿಂದಕ್ಕೆ ತರಿಸಿಕೊಂಡು ದೊಡ್ಡಪ್ಪನನ್ನು ಜಗಲಿಯ ಮೆಟ್ಟಿಲ ಮೇಲೆ ಕೂರಿಸಿ ತಾನೇ ಸುತ್ತಿ ನೋಡಿದಳು. ಅದೇ ಹಳೆಯ ಅಂಕಿ, ಒಂದೆರಡು ಹೆಚ್ಚು.

"ನಾನು ಸುಳ್ಳು ಹೇಳಿಲ್ಲ," ಎಂದ ಕಿತಿಯೋನೆ. "ಈ ಮನೇಲಿ ನಿದ್ದೆ ಇಲ್ಲ ಅಂದೆ. ಇಲ್ಲ."

ಪಿಸಿಲಾ ಪಟ್ಟಿ ಬಿಚ್ಚಲಿಲ್ಲ. ಅವನ ತೋಳನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು.

ಒಳಗಿನಿಂದ ತೊವಾಕಾಸೆ ಗಂಟಲು ಸರಿಮಾಡಿಕೊಂಡಳು. "ನನಗೆ ಒಂದು ಮಾತು ಹೇಳಮ್ಮ. ಹುಡುಗ ಸರಿ ಇದಾನಾ ಇಲ್ವಾ?"

"ಪೂರ್ತಿ ಗುಣ ಅಂತ ನಾನು ಯಾರಿಗೂ ಹೇಳಲ್ಲ ಅತ್ತೆ. ಇದು ದಿನ ದಿನಕ್ಕೂ ಗೆಲ್ಲಬೇಕಾದದ್ದು. ಆದ್ರೆ ನಾನು ಬರೆದ ರೋಗಿ ಇವನಲ್ಲ. ಮಗೂ ಜೊತೆ ಇರೋಕೆ ಇವನು ಸಾಕು."

"ಇವನು ಸಾಕು. ಇವನಪ್ಪ? ನಿದ್ದೆ ಇಲ್ಲದ ಮುದುಕ, ನಿನ್ನೆ ಮೊನ್ನೆ ಎದ್ದ ಹುಡುಗ, ಇಬ್ಬರ ಮಧ್ಯೆ ಮಗೂನ ಬಿಟ್ಟು ನಾನು ವಿಮಾನ ಹತ್ತಲಾ?"

ಕಿತಿಯೋನೆ ಮೆಟ್ಟಿಲಿನಿಂದ ಏಳಹೋದ. "ಒಲೆ ಮೇಲೆ ಗೆಡ್ಡೆ ಇಟ್ಟು ಬಂದಿದೀನಿ," ಎಂದ.

"ಕೂತ್ಕೊ ಅಪ್ಪ," ಎಂದ ಸತೇಕಿ ಬಾಗಿಲ ಮರೆಯಿಂದ. ದನಿ ಏರಿಸಲಿಲ್ಲ. "ಗೆಡ್ಡೆ ನಾನು ಇಳಿಸ್ತೀನಿ. ಇವತ್ತಿಂದ ನಿನಗೆ ಉಪ್ಪಿಲ್ಲ, ಡಬ್ಬಿ ಮಾಂಸ ಇಲ್ಲ. ಸ್ವಲ್ಪ ಸ್ವಲ್ಪ, ಮೆತ್ತಗಿರೋದು, ನಾನು ಎದುರಿಗೆ ಕೂತು ತಿನ್ನಿಸ್ತೀನಿ. ರಾತ್ರಿ ಎಚ್ಚರ ಆದ್ರೆ ನನ್ನನ್ನ ಎಬ್ಬಿಸು, ಪಾತ್ರೆ ಇಬ್ಬರೂ ತೊಳೆಯೋಣ. ಅತ್ತೆ, ಅಪ್ಪನ್ನ ಯಾರೂ ಬೈಬೇಡಿ. ಬೈದ್ರೆ ಗುಣ ಆಗಲ್ಲ."

ಕಿತಿಯೋನೆ ಅರ್ಧ ಎದ್ದವನು ಮತ್ತೆ ಕೂತ. "ಆಯ್ತು," ಎಂದ.

ತೊವಾಕಾಸೆ ಕನ್ನಡಕ ತೆಗೆದಳು. ಪಟದ ಕಡೆ ಕತ್ತೆತ್ತಿ, "ಕೇಳಿದ್ಯೇನೇ ಫುಸಿ," ಎಂದಳು. "ನಾನು ಅವನ ಅಕ್ಕ. ಕೂತ್ಕೊ ಅಂದಾಗ ಇವನು ಕೂತದ್ದನ್ನ ಹುಟ್ಟಿದಾಗಿಂದ ನೋಡಿಲ್ಲ." ಆಮೇಲೆ ಕೊಡೆ ಊರಿಕೊಂಡು ಎದ್ದಳು. "ಟಿಕೆಟ್ ಒಂದೇ ಸಾಕು."

ಮುಂದಿನ ಶನಿವಾರ ಪಿಸಿಲಾ ಗೇಟಿನಲ್ಲಿ ನಿಲ್ಲಲಿಲ್ಲ. ದೊಡ್ಡಪ್ಪನನ್ನು ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸೀದಾ ನಡುಮನೆಗೆ ಹೋದಳು. ಅವಳು ಬರುವುದನ್ನು ಕಂಡು ಸತೇಕಿ ಮರಗೆಣಸಿನ ಬುಟ್ಟಿಯನ್ನೂ ಚಾಕುವನ್ನೂ ಎತ್ತಿಕೊಂಡು ಜೀಗುಜ್ಜೆ ಮರದ ಕೆಳಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ತೊವಾಕಾಸೆ ಬಂದಳು. ಮುಂದೆ ಲೋಸಾ, ಕಂಕುಳಲ್ಲಿ ಸುತ್ತಿದ ಚಾಪೆ, ಬೆನ್ನಿಗೆ ಸ್ಕೂಲಿನ ಚೀಲ.

"ಅಪ್ಪ, ನೀನ್ಯಾಕೆ ಹೊರಗಿದೀಯ?"

"ಒಳಗೆ ನರ್ಸ್ ಇದಾಳೆ."

"ನರ್ಸ್ ನಿನ್ನನ್ನ ನೋಡೋಕಲ್ವಾ ಬರೋದು?"

"ಈಗ ತಾತನ್ನ ನೋಡ್ತಾಳೆ."

ಲೋಸಾ ಮನೆಯ ಕಡೆ ನೋಡಿದಳು, ತಂದೆಯ ಕಡೆ ನೋಡಿದಳು. ಚಾಪೆಯನ್ನು ಅವನ ಪಕ್ಕದಲ್ಲಿ ಬಿಚ್ಚಿ ಹಾಸಿ ಕೂತಳು. "ಅಜ್ಜಿ," ಎಂದು ಕೂಗಿದಳು, "ನೀನೂ ಇಲ್ಲೇ ಬಾ. ಹುಷಾರಾಗಿರೋರೆಲ್ಲ ಹೊರಗೆ ಕೂರಬೇಕಂತೆ."

ತೊವಾಕಾಸೆ ಜಗಲಿಯ ಮೆಟ್ಟಿಲ ತನಕ ಹೋಗಿದ್ದಳು. ಒಳಗೆ ಕಾಲಿಟ್ಟರೆ ತಮ್ಮ ಪಟ್ಟಿ ಸುತ್ತಿಕೊಂಡೇ ಎದ್ದು ಹೊರಗೆ ಬಂದುಬಿಡುತ್ತಾನೆಂದು ಅವಳಿಗೆ ಗೊತ್ತಿತ್ತು. ತಿರುಗಿ ಮರದ ಕೆಳಗೆ ಬಂದು, ಮಂಡಿಯನ್ನು ಶಪಿಸುತ್ತ ನೆಲಕ್ಕೆ ಇಳಿದು, "ಇನ್ನೊಂದು ಚಾಕು ಇದ್ರೆ ಕೊಡೋ," ಎಂದಳು.